ಫಿಸಿಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ನೀರಿನ ಬೈಕಿನಿಂದ ಮಲ್ಟಿವರ್ಸ್‌ವರೆಗೆ

ಬಸವನಗುಡಿ, ಜಯನಗರದ ಕಡೆ ಇಪ್ಪತ್ತೈದು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟಿದ್ದೇನೆ. ಈಗ ಭಾನುವಾರಗಳಲ್ಲಿ ಶಾಲೆ, ಲೈಬ್ರರಿ, ಅಪಾರ್ಟ್‌ಮೆಂಟ್ ಅಂತ ಕರೆದ ಕಡೆ ಮಾತಾಡಲು ಹೋಗುತ್ತೇನೆ. ಮಾತು ಮುಗಿದ ಮೇಲೆ ಕಾಫಿ ಲೋಟ ಹಿಡಿದು ಹತ್ತಿರ ಬರುವವರು ಕೇಳುವುದು, ಆಮೇಲೆ ಕಾಗದದಲ್ಲಿ, ವಾಟ್ಸ್‌ಆಪ್‌ನಲ್ಲಿ ಬರುವುದು, ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ್ದನ್ನು ಮಾತ್ರ ಬಿಡಿಯಾಗಿ ಓದಬಹುದು.

ಉತ್ತರ ಕೊಡುವಾಗ ನಾನೂ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಏನು ಕಂಡರೆ ನಿಮ್ಮ ಮಾತು ತಪ್ಪು ಅಂತ ನೀವೇ ಒಪ್ಪುತ್ತೀರಿ? ಇಲ್ಲಿರುವ ಉತ್ತರಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

## ಶುರುವಿನವು

ಥಿಯರಿ ಅಂದ್ರೆ ಊಹೆ ತಾನೆ? ಐನ್‌ಸ್ಟೈನ್ ಹೇಳಿದ್ದೂ ಬರೀ ಒಂದು ಥಿಯರಿ ಅಲ್ವಾ?

ಮನೆಮಾತಿನಲ್ಲಿ ‘ನಂದೊಂದು ಥಿಯರಿ ಇದೆ’ ಅಂದರೆ ಊಹೆ, ಸರಿ. ಫಿಸಿಕ್ಸ್‌ನಲ್ಲಿ ಆ ಪದಕ್ಕೆ ತೂಕ ಜಾಸ್ತಿ. ಅದು ಲೆಕ್ಕ ಹಾಕಿ ಮೊದಲೇ ಸಂಖ್ಯೆ ಹೇಳಬೇಕು, ಆ ಸಂಖ್ಯೆ ತಾಳೆಯಾಗಬೇಕು, ಒಂದು ಸಲ ಆದರೆ ಸಾಲದು.

ಮೆಜೆಸ್ಟಿಕ್‌ನಲ್ಲಿ ನಿಂತು ಆಟೋ ಬುಕ್ ಮಾಡುತ್ತೀರಿ. ನಿಮ್ಮ ಫೋನು ಸುಮಾರು 20,000 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳ ಗಡಿಯಾರ ನೋಡಿ ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ಆ ಗಡಿಯಾರಗಳು ವೇಗವಾಗಿ ಓಡುತ್ತಿರುವುದರಿಂದ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತವೆ. ಮೇಲೆ ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತವೆ. ಕೂಡಿಸಿ ಕಳೆದರೆ 38 ಮುಂದೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಹೋಗಿಬಿಡುತ್ತದೆ. ಅದಕ್ಕೇ ಮೇಲೆ ಕಳಿಸುವ ಮೊದಲೇ ಗಡಿಯಾರವನ್ನು ಐನ್‌ಸ್ಟೈನ್ ಲೆಕ್ಕದಷ್ಟು ನಿಧಾನ ಮಾಡಿಟ್ಟಿರುತ್ತಾರೆ. ಆ ಲೆಕ್ಕ ತಪ್ಪಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ನೀರಿನಲ್ಲಿ ಓಡೋ ಬೈಕ್ ಕಂಡುಹಿಡಿದಿದ್ದಾರಂತೆ, ದೊಡ್ಡ ಕಂಪನಿಗಳು ಮುಚ್ಚಿ ಹಾಕಿವೆಯಂತೆ, ನಿಜಾನಾ?

ನಿಜ ಅಲ್ಲ. ಸೌದೆ ಉರಿದ ಮೇಲೆ ಬೂದಿ ಉಳಿಯುತ್ತದೆ, ಹೈಡ್ರೋಜನ್ ಉರಿದ ಮೇಲೆ ನೀರು ಉಳಿಯುತ್ತದೆ. ಬೂದಿಯನ್ನು ಮತ್ತೆ ಉರಿಸಲು ಆಗುತ್ತದೆಯೇ?

ನೀರನ್ನು ಒಡೆದು ಹೈಡ್ರೋಜನ್ ತೆಗೆಯಬಹುದು, ಆದರೆ ಒಂದು ಲೀಟರ್ ನೀರು ಒಡೆಯಲು ಕನಿಷ್ಠ 4.4 ಯೂನಿಟ್ ಶಕ್ತಿ ಬೇಕು. ಬೆಸ್ಕಾಂ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಆ ಹೈಡ್ರೋಜನ್ ಉರಿಸಿದರೆ ವಾಪಸ್ ಬರುವುದು ಜಾಸ್ತಿ ಅಂದರೆ ಅದೇ 4.4. ನಡುವೆ ಬಿಸಿಯಾಗಿ ಒಂದಷ್ಟು ಸೋರಿಹೋಗುತ್ತದೆ, ಹಾಗಾಗಿ ಕೈಗೆ ಸಿಗುವುದು ಅದಕ್ಕಿಂತ ಕಡಿಮೆಯೇ. ಯಾರಾದರೂ ಇಂಥ ಗಾಡಿ ತೋರಿಸಿದರೆ ‘ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ತೆಗೆದಿಡಿ, ಇಲ್ಲಿಂದ ತುಮಕೂರಿಗೆ ಹೋಗಿ ಬರೋಣ’ ಅನ್ನಿ. ಯಾವ ಕಂಪನಿಯೂ ಏನನ್ನೂ ಮುಚ್ಚಿಡಬೇಕಾಗಿಲ್ಲ, ಲೆಕ್ಕವೇ ಸಾಕು.

ದೇವಕಣ ಸಿಕ್ತಲ್ಲ, ಅಂದ್ರೆ ವಿಜ್ಞಾನ ದೇವರನ್ನು ಒಪ್ಪಿದ ಹಾಗೆ ಆಯ್ತಾ? ಸರ್ನ್‌ನಲ್ಲಿ ನಟರಾಜ ಬೇರೆ ಇದ್ದಾನೆ.

2012ರ ಜುಲೈ 4ರಂದು ಜಿನೀವಾ ಹತ್ತಿರದ ಕಣ ಸಂಶೋಧನಾ ಕೇಂದ್ರ ಸರ್ನ್ ಪ್ರಕಟಿಸಿದ್ದು ಹಿಗ್ಸ್ ಬೋಸಾನ್ ಎಂಬ ಕಣ. ಅದಕ್ಕೆ ‘ದೇವಕಣ’ ಎಂಬ ಹೆಸರು ಅಂಟಿಕೊಂಡದ್ದು 1993ರ ಒಂದು ಜನಪ್ರಿಯ ಪುಸ್ತಕದ ತಲೆಬರಹದಿಂದ. ಕಣಕ್ಕೂ ದೇವರಿಗೂ ಸಂಬಂಧವಿಲ್ಲ. ದೇವರಿದ್ದಾನೆ ಅಂತಲೂ ಅದು ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ನಟರಾಜನ ವಿಗ್ರಹ 2004ರಲ್ಲಿ ಭಾರತ ಸರ್ಕಾರ ಸ್ನೇಹದಿಂದ ಕೊಟ್ಟ ಉಡುಗೊರೆ. ನನಗೆ ಅದು ಬಹಳ ಇಷ್ಟ. ಆದರೆ ಅಲ್ಲಿ ಸಿಗುವ ಕಣಗಳ ಲೆಕ್ಕ ಅದರಿಂದ ಬದಲಾಗುವುದಿಲ್ಲ.

ಹೆಮ್ಮೆ ಪಡಬೇಕಾದದ್ದು ‘ಬೋಸಾನ್’ ಎಂಬ ಪದದ ಒಳಗೇ ಇದೆ. ಅದು ಸತ್ಯೇಂದ್ರನಾಥ ಬೋಸ್ ಅವರ ಹೆಸರು. 1924ರಲ್ಲಿ ಢಾಕಾದಲ್ಲಿ ಪಾಠ ಹೇಳುತ್ತಿದ್ದ ಅವರು ಬೆಳಕಿನ ಕಣಗಳನ್ನು ಎಣಿಸುವ ಹೊಸ ರೀತಿ ಬರೆದು ಐನ್‌ಸ್ಟೈನ್‌ಗೆ ಕಳಿಸಿದರು, ಅವರು ಅದನ್ನು ಜರ್ಮನ್‌ಗೆ ಅನುವಾದಿಸಿ ಪ್ರಕಟಣೆಗೆ ಕಳಿಸಿದರು.

ಸರ್ನ್ ಮಷೀನು ಭೂಮಿ ನುಂಗೋ ಕಪ್ಪುಕುಳಿ ಮಾಡಿಬಿಟ್ರೆ?

ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳು ಸರ್ನ್‌ಗಿಂತ ಎಷ್ಟೋ ಜೋರಾದ ಡಿಕ್ಕಿಗಳನ್ನು ನಮ್ಮ ತಲೆಯ ಮೇಲೆಯೇ ಮಾಡುತ್ತಿವೆ, 450 ಕೋಟಿ ವರ್ಷದಿಂದ. ಹಾಸನದಲ್ಲಿ ಒಬ್ಬ ಹೈಸ್ಕೂಲ್ ಹುಡುಗಿ ಇದಕ್ಕೆ ಎದುರು ಪ್ರಶ್ನೆ ಹಾಕಿದಳು: ‘ಆಕಾಶದ ಡಿಕ್ಕಿಯಲ್ಲಿ ಹುಟ್ಟಿದ್ದು ಅದೇ ವೇಗದಲ್ಲಿ ಭೂಮಿಯನ್ನು ದಾಟಿ ಹೋಗಿರಬಹುದಲ್ವಾ ಸರ್, ಸರ್ನ್‌ದು ಇಲ್ಲೇ ನಿಂತರೆ?’ ತುಂಬಾ ಒಳ್ಳೆಯ ಪ್ರಶ್ನೆ. ನ್ಯೂಟ್ರಾನ್ ನಕ್ಷತ್ರಗಳು, ಶ್ವೇತ ಕುಬ್ಜಗಳು ಅಂತ ಇವೆ, ಉರಿದು ಮುಗಿದ ನಕ್ಷತ್ರಗಳ ಉಳಿಕೆ. ಅವು ಎಷ್ಟು ಗಟ್ಟಿ ಅಂದರೆ ಅಂಥ ಕುಳಿ ಅಲ್ಲಿ ದಾಟಲಾಗದೆ ಸಿಕ್ಕಿಬೀಳಬೇಕಿತ್ತು, ಸಿಕ್ಕಿ ನಕ್ಷತ್ರವನ್ನೇ ತಿನ್ನಬೇಕಿತ್ತು. ಅವು ಇನ್ನೂ ಆಕಾಶದಲ್ಲಿವೆ.

## ಸ್ವಲ್ಪ ಒಳಗೆ

ನಾವು ನೋಡಿದ್ರೆ ಕಣ, ನೋಡದಿದ್ರೆ ಅಲೆ. ಅಂದ್ರೆ ಮನಸ್ಸೇ ಜಗತ್ತನ್ನು ಸೃಷ್ಟಿ ಮಾಡುತ್ತೆ ಅಂತ ಕ್ವಾಂಟಂ ಹೇಳುತ್ತೆ ಅಲ್ವಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ತಪ್ಪು ಕೇಳುವವರದ್ದಲ್ಲ, ನಮ್ಮದು. ‘ನೋಡುವುದು’ ಎಂಬ ಪದವನ್ನು ಪಾಠ ಹೇಳುವವರು ಸಡಿಲವಾಗಿ ಬಳಸಿಬಿಟ್ಟೆವು.

ಕ್ವಾಂಟಂನಲ್ಲಿ ನೋಡುವುದು ಅಂದರೆ ಕಣ್ಣು ಬಿಟ್ಟು ನೋಡುವುದಲ್ಲ. ಕಣವು ಯಾವ ದಾರಿಯಲ್ಲಿ ಹೋಯಿತು ಎಂಬ ಸುಳಿವು ಹೊರಗಿನ ಯಾವುದಾದರೂ ವಸ್ತುವಿನಲ್ಲಿ ಉಳಿಯುವುದು. ಅದು ಗಾಳಿಯ ಅಣು ಆದರೂ ಸೈ, ಒಂದು ಚೂರು ಬೆಳಕಾದರೂ ಸೈ. ಓದಲು ಮನುಷ್ಯ ಬೇಕಾಗಿಲ್ಲ.

ಇದು ನನ್ನ ಅಭಿಪ್ರಾಯ ಅಂದುಕೊಳ್ಳಬೇಡಿ, ಪ್ರಯೋಗ ಮಾಡಿ ನೋಡಿದ್ದಾರೆ. ವಿಯೆನ್ನಾದ ತಂಡ 1999ರಲ್ಲಿ 60 ಕಾರ್ಬನ್ ಪರಮಾಣುಗಳ ದೊಡ್ಡ ಅಣುವನ್ನು ಸಣ್ಣ ಸೀಳುಗಳ ಮೂಲಕ ಕಳಿಸಿ ಅಲೆಯ ಪಟ್ಟೆಗಳನ್ನು ತೋರಿಸಿತು. 2004ರಲ್ಲಿ 70 ಪರಮಾಣುಗಳ ಅಣುವನ್ನು ತೆಗೆದುಕೊಂಡು, ದಾರಿಗೆ ಬಿಡುವ ಮೊದಲು ಕಾಯಿಸುತ್ತಾ ಹೋದರು. ಕಾದ ಕಬ್ಬಿಣ ಕೆಂಪಗೆ ಹೊಳೆಯುವ ಹಾಗೆ ಬಿಸಿ ಅಣುವೂ ಬೆಳಕು ಸೂಸುತ್ತದೆ, ಆ ಬೆಳಕು ಅಣು ಎಲ್ಲಿತ್ತು ಎಂಬ ಸುಳಿವನ್ನು ಹೊತ್ತುಕೊಂಡು ಹೋಗುತ್ತದೆ. ಬಿಸಿ ಏರಿದ ಹಾಗೆ ಪಟ್ಟೆಗಳು ಮಸುಕಾಗುತ್ತಾ ಹೋದವು, ಕೊನೆಗೆ ಅಳಿಸಿಹೋದವು. ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ, ಯಾರೂ ಧ್ಯಾನ ಮಾಡುತ್ತಾ ಕೂತಿರಲಿಲ್ಲ. ಅಣುವಿನ ಬಿಸಿಯಷ್ಟೇ ಸಾಕಾಯಿತು.

ಮನಸ್ಸು ಕಾರಣವಾಗಿದ್ದರೆ ಕಾಯಿಸಿದ್ದಕ್ಕೂ ಪಟ್ಟೆಗೂ ಸಂಬಂಧ ಇರಬಾರದಿತ್ತು. ಎಷ್ಟು ಬಿಸಿಗೆ ಎಷ್ಟು ಮಸುಕು ಎಂಬ ಲೆಕ್ಕ ಕೂಡ ತಾಳೆಯಾಯಿತು. ಅಲೆಯಂತೆ ಹರಡಿದ್ದ ಎಷ್ಟೋ ಸಾಧ್ಯತೆಗಳಲ್ಲಿ ಒಂದೇ ಒಂದು ನಮಗೆ ಯಾಕೆ ಕಾಣುತ್ತದೆ ಎನ್ನುವುದು ಬೇರೆ ಪ್ರಶ್ನೆ, ಅದು ಇನ್ನೂ ಬಗೆಹರಿದಿಲ್ಲ, ದೊಡ್ಡವರೂ ಅಲ್ಲಿ ಜಗಳವಾಡುತ್ತಾರೆ. ಆ ಜಾಗಕ್ಕೆ ನಮಗೆ ಇಷ್ಟವಾದ ಉತ್ತರ ತುಂಬಿ ‘ವಿಜ್ಞಾನ ಹೇಳಿದೆ’ ಅನ್ನುವುದು ಮಾತ್ರ ಸರಿಯಲ್ಲ.

ಕ್ವಾಂಟಂ ಪೆಂಡೆಂಟ್ ಹಾಕಿಕೊಂಡ್ರೆ 5ಜಿ ರೇಡಿಯೇಷನ್ ತಡೆಯುತ್ತಂತೆ. ತಗೋಬಹುದಾ?

ತಗೋಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಕತ್ತಿನಿಂದ ತೆಗೆಯಿರಿ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಇಲಾಖೆ ಇಂಥ 10 ವಸ್ತುಗಳಲ್ಲಿ ವಿಕಿರಣ ಇರುವುದನ್ನು ಕಂಡು ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಿತು. ಅದರಲ್ಲಿ ಮಕ್ಕಳ ಕೈಬಳೆಯೂ ಇತ್ತು. ಮೊಬೈಲ್ ಅಲೆಗೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಇಲ್ಲ. ಆ ಪೆಂಡೆಂಟ್‌ಗಳ ವಿಕಿರಣಕ್ಕೆ ಇದೆ. ಇಲ್ಲದ ಅಪಾಯಕ್ಕೆ ಹೆದರಿ, ಇರುವ ಅಪಾಯವನ್ನು ದುಡ್ಡು ಕೊಟ್ಟು ಕತ್ತಿಗೆ ಹಾಕಿಕೊಂಡ ಹಾಗೆ ಆಗುತ್ತದೆ. ನನಗೆ ಪರಿಚಯದ ಒಬ್ಬ ಅಜ್ಜಿ ಪಿಂಚಣಿ ದುಡ್ಡಿನಲ್ಲಿ ಮೊಮ್ಮಕ್ಕಳಿಗೂ ಸೇರಿ ನಾಲ್ಕು ತಂದಿದ್ದರು. ಅವರ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಎಂಟ್ಯಾಂಗಲ್‌ಮೆಂಟ್ ಇದ್ರೆ ಬೆಳಕಿಗಿಂತ ಬೇಗ ಮೆಸೇಜ್ ಕಳಿಸಬಹುದಲ್ವಾ? ಟೆಲಿಪತಿಗೂ ಇದೇ ಕಾರಣ ಇರಬಹುದಾ?

ಎಂಟ್ಯಾಂಗಲ್‌ಮೆಂಟ್, ಅಂದರೆ ಎರಡು ಕಣಗಳು ಎಷ್ಟು ದೂರ ಹೋದರೂ ಅವುಗಳ ಅಳತೆಗಳು ಒಂದಕ್ಕೊಂದು ಹೊಂದಿಕೊಂಡಿರುವುದು, ನಿಜ. 2022ರ ನೊಬೆಲ್ ಇದೇ ಕೆಲಸಕ್ಕೆ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೆ ಬಂತು. ಆದರೆ ಮೆಸೇಜ್ ಹೋಗುವುದಿಲ್ಲ.

ಜೋಡಿ ಕಣಗಳಲ್ಲಿ ಒಂದು ನಿಮ್ಮ ಹತ್ತಿರ ಮಲ್ಲೇಶ್ವರದಲ್ಲಿ, ಇನ್ನೊಂದು ನಿಮ್ಮ ಗೆಳತಿಯ ಹತ್ತಿರ ಮೈಸೂರಿನಲ್ಲಿ ಇದೆ ಅಂತಿಟ್ಟುಕೊಳ್ಳಿ. ನೀವು ಅಳೆದರೆ ಒಮ್ಮೆ ಹೌದು, ಒಮ್ಮೆ ಇಲ್ಲ, ನಾಣ್ಯ ಚಿಮ್ಮಿದ ಹಾಗೆ ಬರುತ್ತದೆ. ಅವರಿಗೂ ಅಷ್ಟೇ. ಹೌದು ಬರಲಿ ಅಂತ ನೀವು ಬಲವಂತ ಮಾಡಲು ಆಗುವುದಿಲ್ಲ, ಹಾಗಾಗಿ ಅವರಿಗೆ ಏನನ್ನೂ ಹೇಳಲು ಆಗುವುದಿಲ್ಲ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಆಶ್ಚರ್ಯ ಕಾಣುತ್ತದೆ. ‘ಒಂದು ಡಬ್ಬಿಯಲ್ಲಿ ಬಲಗಾಲಿನ ಚಪ್ಪಲಿ ಇದ್ದರೆ ಇನ್ನೊಂದರಲ್ಲಿ ಎಡಗಾಲಿನದು, ಅದರಲ್ಲೇನಿದೆ’ ಅಂದುಕೊಳ್ಳಬೇಡಿ. ಮೊದಲೇ ಜೋಡಿಸಿಟ್ಟ ಚಪ್ಪಲಿಗಳ ಲೆಕ್ಕಕ್ಕಿಂತ ಈ ಪಟ್ಟಿಗಳ ಹೊಂದಾಣಿಕೆ ಜಾಸ್ತಿ, ಎಷ್ಟು ಜಾಸ್ತಿಯಾದರೆ ಚಪ್ಪಲಿ ಲೆಕ್ಕ ಬಿದ್ದುಹೋಗುತ್ತದೆ ಅಂತ ಜಾನ್ ಬೆಲ್ 1964ರಲ್ಲೇ ಗೆರೆ ಎಳೆದು ತೋರಿಸಿದ್ದರು. ಆದರೆ ಪಟ್ಟಿ ಪಕ್ಕಕ್ಕೆ ಬರಬೇಕಾದರೆ ಫೋನ್ ಮಾಡಬೇಕು, ಫೋನು ಬೆಳಕಿಗಿಂತ ವೇಗವಾಗಿ ಹೋಗುವುದಿಲ್ಲ.

ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಕ್ಯಾಂಪಸ್ಸಿನ ಎರಡು ಕಟ್ಟಡಗಳ ನಡುವೆ ಬೆಳಕಿನ ಕಣಗಳಿಂದ, ಸಂದೇಶಕ್ಕೆ ಬೀಗ ಹಾಕುವ ಗುಪ್ತ ಕೀಲಿ ಹಂಚಿ ತೋರಿಸಿದರು. ಇಂಥ ಏರ್ಪಾಡಿಗೂ ಪಕ್ಕದಲ್ಲಿ ಒಂದು ಮಾಮೂಲಿ ಸಂಪರ್ಕ ಬೇಕೇ ಬೇಕು. ಟೆಲಿಪತಿಯ ವಿಷಯ ಅಂದರೆ, ಮೊದಲು ಅದು ನಡೆಯುತ್ತದೆ ಅಂತ ಪ್ರಯೋಗದಲ್ಲಿ ಕಾಣಲಿ, ಕಾರಣ ಆಮೇಲೆ ಹುಡುಕೋಣ.

ಸಾಯಣಾಚಾರ್ಯರು ಆಗಲೇ ಬೆಳಕಿನ ವೇಗ ಹೇಳಿದ್ದರು. ನೀವು ಯಾಕೆ ಪಾಠದಲ್ಲಿ ಹೇಳಲ್ಲ?

ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುವವರೇ ಜಾಸ್ತಿ. ನನಗೂ ಸಾಯಣರ ಮೇಲೆ ಗೌರವ ಇದೆ, ಆದ್ದರಿಂದ ಪೂರ್ತಿ ಲೆಕ್ಕ ಮಾಡಿಯೇ ಉತ್ತರ ಕೊಡುತ್ತೇನೆ.

ಸಾಯಣರು 14ನೇ ಶತಮಾನದವರು, ವಿಜಯನಗರದ ಬುಕ್ಕರಾಯನ ಆಸ್ಥಾನದವರು. ಋಗ್ವೇದದ ಒಂದು ಸೂರ್ಯಸೂಕ್ತಕ್ಕೆ ಭಾಷ್ಯ ಬರೆಯುತ್ತಾ, ಹೀಗೊಂದು ಸ್ಮರಣೆ ಇದೆ ಎಂದು ಒಂದು ಶ್ಲೋಕ ಉದಾಹರಿಸುತ್ತಾರೆ. ಅರ್ಧ ನಿಮಿಷದಲ್ಲಿ 2,202 ಯೋಜನ ಸಾಗುವವನೇ, ನಿನಗೆ ನಮಸ್ಕಾರ ಎಂದು ಅದರ ಅರ್ಥ. ಇಲ್ಲಿ ನಿಮಿಷ ಅಂದರೆ 60 ಸೆಕೆಂಡ್ ಅಲ್ಲ, ಕಣ್ಣು ಮಿಟುಕಿಸುವಷ್ಟು ಹೊತ್ತು. ನಮಸ್ಕಾರ ಸೂರ್ಯನಿಗೆ.

ಈಗ ಯೋಜನ ಎಷ್ಟು, ನಿಮಿಷ ಎಷ್ಟು ಅಂತ ಗೊತ್ತಾಗಬೇಕು. ಆರ್ಯಭಟ ಭೂಮಿಯ ಅಡ್ಡಗಲ 1,050 ಯೋಜನ ಅನ್ನುತ್ತಾನೆ, ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥ 1,600 ಅನ್ನುತ್ತದೆ. ಅಂದರೆ ಮೊದಲನೆಯದರಲ್ಲಿ ಒಂದು ಯೋಜನ ಸುಮಾರು 12 ಕಿಲೋಮೀಟರ್, ಎರಡನೆಯದರಲ್ಲಿ 8. ನಿಮಿಷದ ಕಥೆಯೂ ಹೀಗೇ. ವಿಷ್ಣುಪುರಾಣದ ಲೆಕ್ಕದಲ್ಲಿ ದಿನಕ್ಕೆ 4,05,000 ನಿಮಿಷ, ಮನುಸ್ಮೃತಿಯಲ್ಲಿ 4,86,000. ಎರಡು ಯೋಜನ, ಎರಡು ನಿಮಿಷ, ಒಟ್ಟು ನಾಲ್ಕು ಉತ್ತರ. ಸೆಕೆಂಡಿಗೆ ಸುಮಾರು 1.64 ಲಕ್ಷ, 1.97 ಲಕ್ಷ, 2.5 ಲಕ್ಷ, 3 ಲಕ್ಷ ಕಿಲೋಮೀಟರ್. ನಿಜವಾದ ವೇಗ 2,99,792.

ಹೌದು, ನಾಲ್ಕರಲ್ಲಿ ಒಂದು ಚೆನ್ನಾಗಿ ಕೂರುತ್ತದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನಿಮಗೆ 2,99,792 ಮೊದಲೇ ಗೊತ್ತಿರದಿದ್ದರೆ ಈ ನಾಲ್ಕರಲ್ಲಿ ಯಾವುದನ್ನು ಆರಿಸುತ್ತಿದ್ದಿರಿ? ಆರಿಸುವ ದಾರಿಯೇ ಇಲ್ಲ. ಉತ್ತರ ನೋಡಿಕೊಂಡು ಅಳತೆಗೋಲು ಆರಿಸಿದರೆ ಅದು ಅಳತೆ ಆಗುವುದಿಲ್ಲ. ಹೇಗೆ ಅಳೆದರು ಎಂಬುದೂ ಅಲ್ಲಿಲ್ಲ, ಬೆಳಕು ಎಂಬ ಮಾತೂ ಆ ಸಾಲಿನಲ್ಲಿಲ್ಲ.

ಇದರ ಪಕ್ಕಕ್ಕೆ 1676ರ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಓಲೆ ರೋಮರ್‌ನನ್ನು ಇಟ್ಟು ನೋಡಿ. ಗುರುಗ್ರಹದ ಚಂದ್ರ ಅಯೋ ಮರೆಯಾಗುವ ಹೊತ್ತು ವರ್ಷದಲ್ಲಿ ಹಿಂದುಮುಂದಾಗುವುದನ್ನು ನೋಡಿ, ಭೂಮಿಯ ಕಕ್ಷೆಯನ್ನು ಅಡ್ಡ ದಾಟಲು ಬೆಳಕಿಗೆ 22 ನಿಮಿಷ ಬೇಕು ಅಂದ. ನಿಜವಾಗಿ ಅದು ಹದಿನಾರೂವರೆ ನಿಮಿಷ ಚಿಲ್ಲರೆ. ಅವನ ಉತ್ತರ ತಪ್ಪು. ಆದರೆ ದಾರಿ ತೋರಿಸಿದ್ದ, ಆ ದಾರಿಯಲ್ಲಿ ನಡೆದು ಮುಂದಿನವರು ತಿದ್ದಿಕೊಂಡರು.

ನಮ್ಮವರಲ್ಲೂ ದಾರಿ ತೋರಿಸಿದವರು ಇದ್ದಾರೆ. ಆರ್ಯಭಟ 499ರಲ್ಲಿ ತಿರುಗುವುದು ಆಕಾಶವಲ್ಲ, ಭೂಮಿ ಅಂದ. ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಹಿಂದೆ ಓಡಿದಂತೆ ಕಾಣುತ್ತದಲ್ಲ, ಹಾಗೆ ಅಂದ. ಒಂದು ಸುತ್ತಿಗೆ ಅವನ ಲೆಕ್ಕ 23 ಗಂಟೆ 56 ನಿಮಿಷ 4.1 ಸೆಕೆಂಡ್, ಇವತ್ತಿನ ಅಳತೆಗೂ ಅದಕ್ಕೂ ಒಂದು ಸೆಕೆಂಡಿನ ವ್ಯತ್ಯಾಸವೂ ಇಲ್ಲ. ಇದನ್ನು ನಾನು ಪ್ರತಿ ವರ್ಷ ಪಾಠದಲ್ಲಿ ಹೇಳಿದ್ದೇನೆ, ಹೇಳುವಾಗ ಮೈ ಜುಮ್ಮೆಂದಿದೆ.

## ಇನ್ನೂ ಆಳಕ್ಕೆ

ಬೆಳಕಿಗಿಂತ ವೇಗದ ಕಣ ಸಿಕ್ತು ಅಂತ ಪೇಪರ್‌ನಲ್ಲಿ ಬಂದಿತ್ತು. ಆಮೇಲೆ ಸುದ್ದಿನೇ ಇಲ್ಲ, ಯಾಕೆ?

2011ರ ಸೆಪ್ಟೆಂಬರ್ ಸುದ್ದಿ ಅದು. ಸರ್ನ್‌ನಿಂದ ಹೊರಟ ನ್ಯೂಟ್ರಿನೋ ಎಂಬ ಅತಿ ಹಗುರ ಕಣಗಳು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋಗೆ ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಬಂದ ಹಾಗೆ ಕಂಡವು. ಆ ತಂಡದವರು ‘ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ’ ಎಂದು ಎಲ್ಲರ ಮುಂದಿಟ್ಟರು. 2012ರಲ್ಲಿ ತಪ್ಪು ಸಿಕ್ಕಿತು. ಒಂದು ಆಪ್ಟಿಕಲ್ ಕೇಬಲ್ಲಿನ ತಿರುಪು ಸರಿಯಾಗಿ ಬಿಗಿಯಾಗಿರಲಿಲ್ಲ, ಗಡಿಯಾರದಲ್ಲೂ ಸಣ್ಣ ದೋಷ ಇತ್ತು.

ಅನುಮಾನಕ್ಕೆ ಮೊದಲೇ ಕಾರಣ ಇತ್ತು. 1987ರ ಫೆಬ್ರವರಿಯಲ್ಲಿ ಸುಮಾರು 1,68,000 ಬೆಳಕಿನ ವರ್ಷ ದೂರದಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು, ಅದರ ಬೆಳಕೂ ನ್ಯೂಟ್ರಿನೋಗಳೂ ಕೆಲವೇ ಗಂಟೆಗಳ ಅಂತರದಲ್ಲಿ ಬಂದವು. 730 ಕಿಲೋಮೀಟರಿಗೆ 60 ನ್ಯಾನೋಸೆಕೆಂಡ್ ಲಾಭ ಅಂದರೆ ಅಷ್ಟು ದೂರಕ್ಕೆ ನಾಲ್ಕು ವರ್ಷ ಲಾಭ. ಆ ನ್ಯೂಟ್ರಿನೋಗಳು 1983ರಲ್ಲೇ ಬರಬೇಕಿತ್ತು. ತಪ್ಪೊಪ್ಪಿಗೆಗೆ ಪೇಪರಿನ ಮೊದಲ ಪುಟ ಸಿಗುವುದಿಲ್ಲ, ಅದಕ್ಕೇ ನಿಮಗೆ ಸುದ್ದಿ ಮುಟ್ಟಲಿಲ್ಲ.

ವಿಜ್ಞಾನಿಗಳು ಎಲ್ಲಾ ಒಂದೇ ಗುಂಪು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪ್ರಶ್ನೆನೇ ಮಾಡಲ್ಲ, ಅಲ್ವಾ?

ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಒಂದು ತೀರಾ ಕ್ಷೀಣ ರೇಡಿಯೋ ಗುರುತು ಬಿಟ್ಟಿರಬೇಕು. 2018ರಲ್ಲಿ ಅಮೆರಿಕದ ತಂಡವೊಂದು ಪಶ್ಚಿಮ ಆಸ್ಟ್ರೇಲಿಯಾದ ಬಯಲಿನಲ್ಲಿ ಇಟ್ಟ ಆಂಟೆನಾದಿಂದ ಆ ಗುರುತು ಸಿಕ್ಕಿತು ಎಂದಿತು. 78 ಮೆಗಾಹರ್ಟ್ಸ್ ಹತ್ತಿರ ಒಂದು ತಗ್ಗು. ಆದರೆ ಆ ತಗ್ಗು ನಿರೀಕ್ಷೆಗಿಂತ ಬಹಳ ಆಳವಾಗಿತ್ತು. ಕೂಡಲೇ ಹೊಸ ಹೊಸ ಫಿಸಿಕ್ಸ್ ಬರೆಯಲು ಜನ ಶುರು ಮಾಡಿದರು, ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ ಆದರೆ ತೂಕ ಇರುವ ವಸ್ತು, ಹೈಡ್ರೋಜನ್ ಅನ್ನು ತಣ್ಣಗಾಗಿಸಿರಬಹುದು ಅಂತೆಲ್ಲ.

ರಾಮನ್ ಸಂಶೋಧನಾ ಸಂಸ್ಥೆಯವರು ಸುಮ್ನೆ ಕೂರಲಿಲ್ಲ. ಅವರು ಸಾರಸ್ ಎಂಬ ತಮ್ಮದೇ ರೇಡಿಯೋ ಉಪಕರಣ ಕಟ್ಟುತ್ತಿದ್ದರು. ನೆಲದ ಮೇಲಿಟ್ಟ ಆಂಟೆನಾಕ್ಕೆ ಕೆಳಗಿನ ಮಣ್ಣು ಕಲ್ಲಿನ ಪದರಗಳೇ ಸುಳ್ಳು ಗುರುತು ತರಬಹುದು, ಪದರವಿಲ್ಲದ ಒಂದೇ ಸಮನಾದ ವಸ್ತು ಬೇಕು ಅಂತ ಯೋಚಿಸಿ ನೀರನ್ನು ಆರಿಸಿಕೊಂಡರು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ಆಂಟೆನಾವನ್ನು ತೆಪ್ಪದ ಹಾಗೆ ತೇಲಿಬಿಟ್ಟರು. ಆ ತಗ್ಗು ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಅವರ ಲೆಕ್ಕ ಹಳೆಯ ತಂಡ ಹೇಳಿದ ಆಕಾರವನ್ನು ಶೇಕಡ 95.3ರಷ್ಟು ಭರವಸೆಯಿಂದ ತಳ್ಳಿಹಾಕಿತು. 95.3 ಅಂದರೆ ನೂರಲ್ಲ. ಆ ಚಿಲ್ಲರೆ ಅನುಮಾನವನ್ನೂ ಅವರೇ ಬರೆದು ಒಪ್ಪಿಸಿದ್ದಾರೆ, ಅದಕ್ಕೇ ನನಗೆ ಈ ಕೆಲಸ ಅಷ್ಟು ಇಷ್ಟ. ಮೇಖ್ರಿ ಸರ್ಕಲ್ ದಾಟುವಾಗಲೆಲ್ಲ ಆ ಕಾಂಪೌಂಡ್ ಕಡೆ ನೋಡುತ್ತೇನೆ.

ಡಾರ್ಕ್ ಮ್ಯಾಟರ್, ಸ್ಟ್ರಿಂಗ್ ಥಿಯರಿ, ಮಲ್ಟಿವರ್ಸ್, ಇವನ್ನೂ ಯಾರೂ ಕಂಡಿಲ್ಲ. ಅವಕ್ಕೊಂದು ನ್ಯಾಯ, ನಮಗೊಂದು ನ್ಯಾಯ ಯಾಕೆ?

ನ್ಯಾಯವಾದ ದೂರು. ಆದರೆ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಡಾರ್ಕ್ ಮ್ಯಾಟರ್‌ಗೆ ಅಳತೆಗಳಿವೆ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಕಾಣುವ ತೂಕಕ್ಕೆ ಸರಿಹೋಗದಷ್ಟು ವೇಗವಾಗಿ ಸುತ್ತುತ್ತವೆ ಎಂದು 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಜೊತೆಗಾರರು ತೋರಿಸಿದರು. ದೂರದ ಬೆಳಕು ಬಾಗುವ ಲೆಕ್ಕವೂ ಅದನ್ನೇ ಹೇಳುತ್ತದೆ. ಏನೋ ಇದೆ, ಯಾವ ಕಣ ಅಂತ ಸಿಕ್ಕಿಲ್ಲ. ಕಣಗಳೆಲ್ಲ ಅತಿ ಸಣ್ಣ ತಂತಿಗಳ ಕಂಪನ ಎನ್ನುವ ಸ್ಟ್ರಿಂಗ್ ಥಿಯರಿ ಸುಂದರವಾದ ಗಣಿತ, ಪ್ರಯೋಗದಲ್ಲಿ ತಾಳೆ ನೋಡುವ ಸಂಖ್ಯೆ ಇನ್ನೂ ಕೊಟ್ಟಿಲ್ಲ. ನಮ್ಮದಲ್ಲದೆ ಬೇರೆ ವಿಶ್ವಗಳೂ ಇವೆ ಎನ್ನುವ ಮಲ್ಟಿವರ್ಸ್ ಇನ್ನೂ ದೂರ. ಅದನ್ನು ಟಿವಿಯಲ್ಲಿ ಸತ್ಯದ ಹಾಗೆ ಹೇಳುವ ದೊಡ್ಡ ವಿಜ್ಞಾನಿಯನ್ನೂ ಇದೇ ಪ್ರಶ್ನೆ ಕೇಳಬೇಕು: ಏನು ಕಂಡರೆ ಬಿಟ್ಟುಬಿಡುತ್ತೀರಿ?

ಸುಂದರವಾದ ಲೆಕ್ಕ ಬಿದ್ದುಹೋಗುವುದನ್ನು ಕೋಲಾರದ ಗಣಿಯೂ ಕಂಡಿದೆ. 1970ರ ದಶಕದಲ್ಲಿ ಪ್ರಕೃತಿಯ ಬಲಗಳನ್ನೆಲ್ಲ ಒಂದು ಮಾಡುವ ಸೊಗಸಾದ ಸಿದ್ಧಾಂತವೊಂದು ಬಂತು, ಪ್ರೋಟಾನ್ ಕೂಡ ಎಂದಾದರೂ ಸಾಯುತ್ತದೆ ಅಂತ ಅದು ಹೇಳಿತು, ಸುಮಾರು ಎಷ್ಟು ಕಾಲಕ್ಕೆ ಅಂತಲೂ ಹೇಳಿತು. ಕೆಜಿಎಫ್‌ನ ಆಳದಲ್ಲಿ ಕಬ್ಬಿಣದ ತಟ್ಟೆಗಳನ್ನು ಪೇರಿಸಿ ಕಾದರು. ಅನುಮಾನ ಬರುವಂಥ ಕೆಲವು ಗುರುತುಗಳು ಸಿಕ್ಕವು, ಅವನ್ನು ಪ್ರಕಟಿಸಿದರು. ಆಮೇಲೆ ಅಮೆರಿಕ, ಜಪಾನಿನ ಇನ್ನೂ ದೊಡ್ಡ ನೀರಿನ ತೊಟ್ಟಿಗಳಲ್ಲಿ ಏನೂ ಕಾಣಲಿಲ್ಲ. ಆ ಸಿದ್ಧಾಂತದ ಸರಳ ರೂಪವನ್ನು ಬಿಟ್ಟರು. ಅದಕ್ಕೆ ಸಾಯುವ ಅವಕಾಶ ಇತ್ತು, ಯಾಕೆಂದರೆ ಅದು ಸಂಖ್ಯೆ ಕೊಟ್ಟಿತ್ತು.

ನಾನೇ ಒಂದು ಹೊಸ ಸಿದ್ಧಾಂತ ಬರೆದಿದ್ದೇನೆ. ಐನ್‌ಸ್ಟೈನ್ ತಪ್ಪು ಅಂತ ತೋರಿಸಿದ್ದೇನೆ. ಓದಿ ಹೇಳ್ತೀರಾ?

ಓದುತ್ತೇನೆ. ಕಳಿಸುವ ಮೊದಲು ನೀವೇ ಒಂದು ಕೆಲಸ ಮಾಡಿ. ನಿಮ್ಮ ಸಮೀಕರಣದಿಂದ ಮೂರು ಸಂಖ್ಯೆ ತೆಗೆಯಿರಿ. ಬುಧಗ್ರಹದ ಕಕ್ಷೆ ನೂರು ವರ್ಷಕ್ಕೆ ನ್ಯೂಟನ್ ಲೆಕ್ಕಕ್ಕಿಂತ 43 ಆರ್ಕ್‌ಸೆಕೆಂಡ್ ಹೆಚ್ಚು ತಿರುಗುವುದು (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಸೂರ್ಯನ ಅಂಚಿನಲ್ಲಿ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ ಬಾಗುವುದು. ಜಿಪಿಎಸ್ ಗಡಿಯಾರದ 38 ಮೈಕ್ರೋಸೆಕೆಂಡ್. ಮೂರೂ ಬಂದರೆ, ಐನ್‌ಸ್ಟೈನ್ ಹೇಳದ ನಾಲ್ಕನೆಯ ಒಂದು ಸಂಖ್ಯೆ ಕೊಡಿ, ಅಳೆದು ನೋಡಲು ಆಗುವಂಥದ್ದು. ಪದಗಳಲ್ಲಿ ಬೇಡ, ಹೋಲಿಕೆಗಳಲ್ಲಿ ಬೇಡ, ಸಂಖ್ಯೆ.

ರಾಜಾಜಿನಗರದ ಒಬ್ಬ ನಿವೃತ್ತ ಎಂಜಿನಿಯರ್ 80 ಪುಟದ ನೋಟ್‌ಬುಕ್ ತಂದಿದ್ದರು. ಇದನ್ನೇ ಹೇಳಿ ವಾಪಸ್ ಕಳಿಸಿದೆ, ಮುಖ ಸಣ್ಣದು ಮಾಡಿಕೊಂಡು ಹೋದರು. ಎರಡು ತಿಂಗಳು ಬಿಟ್ಟು ಫೋನ್ ಬಂತು. ಬುಧಗ್ರಹಕ್ಕೆ 43ರ ಬದಲು 7 ಬಂದಿದೆ ಅಂದರು. ಲೆಕ್ಕ ಸರಿಯಾಗಿಯೇ ಮಾಡಿದ್ದರು. ವೇಗದಿಂದ ಆಗುವ ಬದಲಾವಣೆಯನ್ನು ಮಾತ್ರ ಹಿಡಿದು ಗುರುತ್ವವನ್ನು ನ್ಯೂಟನ್ ಹೇಳಿದ ಹಾಗೇ ಬಿಟ್ಟರೆ ಬರುವುದು ಅದೇ 7. ಈಗ ಅವರು ನೋಟ್‌ಬುಕ್ ಪಕ್ಕಕ್ಕಿಟ್ಟು ಹೊಸದೊಂದು ಕೊಂಡಿದ್ದಾರೆ, ಉಳಿದ 36 ಎಲ್ಲಿಂದ ಬರುತ್ತದೆ ಅಂತ ಮೊದಲ ಪುಟದಿಂದ ಬರೆಯುತ್ತಿದ್ದಾರೆ.